ಹರಿದಿದ್ದಕ್ಕೆಲ್ಲ ಡಕ್ಟ್ ಟೇಪ್ ಸಾಕಾ? ಯಾವುದು ಕೊಳ್ಳಬೇಕು, ಹೇಗೆ ಅಂಟಿಸಬೇಕು, ಎಲ್ಲಿ ಅಂಟಿಸಲೇಬಾರದು? ಇಲ್ಲಿದೆ ಮಾಹಿತಿ

ಚಿತ್ರದುರ್ಗ: ಆಷಾಢದ ಗಾಳಿಗೆ ಟಾರ್ಪಾಲು ಹರಿಯುತ್ತೆ, ಕೊಟ್ಟಿಗೆಯ ಶೀಟಿನಲ್ಲಿ ತೂತು ಬೀಳುತ್ತೆ, ತೋಟದ ಪೈಪು ಸೀಳುತ್ತೆ, ಬೈಕಿನ ಮಡ್‌ಗಾರ್ಡ್ ಬಿರುಕು ಬಿಡುತ್ತೆ. ಇವಕ್ಕೆಲ್ಲ ಈಗ ಬಹಳ ಜನ ಹುಡುಕುವುದು ಒಂದೇ ಮದ್ದು: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೂದು ಬಣ್ಣದ ಅಗಲವಾದ ಡಕ್ಟ್ ಟೇಪ್.

ಸರಿಯಾದ ಟೇಪನ್ನು ಸರಿಯಾದ ಜಾಗಕ್ಕೆ ಹಾಕಿದರೆ ಒಂದು ಹಂಗಾಮು ನಿಶ್ಚಿಂತೆಯಿಂದ ದಾಟಬಹುದು. ತಪ್ಪು ಜಾಗಕ್ಕೆ ಹಾಕಿದರೆ ಹಣ ಹೋಗುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. ಅದಕ್ಕೇ ಅಂಟಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಅಂಟು ನಡುವೆ ಬಿಟ್ಟರೆ ಏನಾಗುತ್ತೆ? ಒಂದಿಷ್ಟು ನೀರು ಸೋರಿದರೆ, ಸಾಮಾನು ನೆನೆದರೆ ನಷ್ಟ ತಡೆದುಕೊಳ್ಳಬಹುದು. ಮನುಷ್ಯರಿಗೆ ಪೆಟ್ಟಾಗುವ ಜಾಗವಾದರೆ ಟೇಪ್ ಬೇಡವೇ ಬೇಡ.

ಡಕ್ಟ್ ಟೇಪ್ ಅಂದ್ರೆ ಯಾವುದು?

ಅಸಲಿ ಡಕ್ಟ್ ಟೇಪಿನಲ್ಲಿ ಮೂರು ಪದರ ಇರುತ್ತೆ. ಮೇಲೆ ನೀರು ತಡೆಯುವ ಪಾಲಿಥೀನ್ ಹಾಳೆ, ನಡುವೆ ಬಲ ಕೊಡುವ ಬಟ್ಟೆಯ ಜಾಲರಿ, ಕೆಳಗೆ ದಪ್ಪನಾದ ರಬ್ಬರ್ ಅಂಟು. ನಡುವಿನ ಬಟ್ಟೆ ಇರುವುದರಿಂದಲೇ ಇದು ಎಳೆದಾಗ ಬೇಗ ಹರಿಯುವುದಿಲ್ಲ, ಆದರೂ ಕತ್ತರಿ ಇಲ್ಲದೆ ಕೈಯಲ್ಲೇ ಅಡ್ಡಕ್ಕೆ ನೇರವಾಗಿ ಹರಿಯಲು ಬರುತ್ತೆ.

ಇದು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವೆಸ್ಟಾ ಸ್ಟೌಟ್ ಎಂಬ ಮಹಿಳೆ, ಗುಂಡಿನ ಪೆಟ್ಟಿಗೆಗೆ ಅಂಟಿಸುತ್ತಿದ್ದ ಕಾಗದದ ಟೇಪ್ ಯುದ್ಧಭೂಮಿಯಲ್ಲಿ ಬೇಗ ಬಿಚ್ಚಲು ಬರುವುದಿಲ್ಲ, ಬಟ್ಟೆಯ ಟೇಪ್ ಹಾಕಿ ಎಂದು 1943ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೇ ಪತ್ರ ಬರೆದರು. ಆಕೆಯ ಮಕ್ಕಳು ಆಗ ನೌಕಾಪಡೆಯಲ್ಲಿದ್ದರು. ನಂತರ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅಂಥ ಟೇಪ್ ತಯಾರಿಸಿತು. ಯುದ್ಧ ಮುಗಿದ ಮೇಲೆ ಕಟ್ಟಡಗಳ ಗಾಳಿ ಕೊಳವೆಗಳಿಗೆ, ಅಂದ್ರೆ ಡಕ್ಟ್‌ಗಳಿಗೆ ಸುತ್ತಲು ಬಳಸಿದ್ದರಿಂದ ಡಕ್ಟ್ ಟೇಪ್ ಎಂಬ ಹೆಸರು ಗಟ್ಟಿಯಾಯಿತು.

ತಮಾಷೆ ಎಂದರೆ, 1998ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಬಿಸಿಗಾಳಿ, ತಣ್ಣನೆ ಗಾಳಿ ಹಾಯಿಸಿ ಪರೀಕ್ಷಿಸಿದಾಗ ಬಟ್ಟೆಯ ಡಕ್ಟ್ ಟೇಪ್ ಅದೇ ಗಾಳಿ ಕೊಳವೆಯ ಜೋಡಣೆಯಲ್ಲೇ ಕೈಕೊಟ್ಟಿತು. ಕಾರಣ ಶಾಖ. ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಮೊದಲ ಪಾಠ ಇದೇ: ರಬ್ಬರ್ ಅಂಟಿಗೆ ಬಿಸಿ ಆಗಿಬರೋದಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

'ಗಟ್ಟಿ ಇರೋ ಟೇಪ್ ಕೊಡಿ' ಅಂದ್ರೆ ಕೌಂಟರ್ ಮೇಲೆ ನಾಲ್ಕೈದು ತರಹದ್ದು ಬಂದು ಬೀಳುತ್ತೆ. ಬಣ್ಣ ನೋಡಿ ಮೋಸ ಹೋಗಬೇಡಿ. ಬಟ್ಟೆಯೇ ಇಲ್ಲದ ಬರಿ ಪ್ಲಾಸ್ಟಿಕ್ ಟೇಪಿಗೂ ಬೂದು ಬಣ್ಣ ಬಳಿದು ಮಾರುವುದುಂಟು. ಈ ಐದು ವಿಷಯ ನೋಡಿ:

1. ಎಳೆ: ಟೇಪಿನ ತುದಿಯನ್ನು ಅಡ್ಡಕ್ಕೆ ಸ್ವಲ್ಪ ಹರಿದು ನೋಡಿ. ಅಂಚಿನಲ್ಲಿ ದಾರದ ಎಳೆಗಳು ಕಾಣಬೇಕು. ಎಳೆ ಒತ್ತೊತ್ತಾಗಿದ್ದಷ್ಟೂ ಗಟ್ಟಿ. ಎಳೆಯೇ ಇಲ್ಲದೆ ರಬ್ಬರಿನಂತೆ ಹಿಗ್ಗಿದರೆ ಅದು ಡಕ್ಟ್ ಟೇಪ್ ಅಲ್ಲ.

2. ದಪ್ಪ: ರೋಲಿನ ಮೇಲೆ ಮಿಲ್ ಅಥವಾ ಮೈಕ್ರಾನ್ ಲೆಕ್ಕದಲ್ಲಿ ಬರೆದಿರುತ್ತಾರೆ. 1 ಮಿಲ್ ಅಂದ್ರೆ ಸುಮಾರು 25 ಮೈಕ್ರಾನ್. 7ರಿಂದ 9 ಮಿಲ್ ಇದ್ದರೆ ಮನೆಯೊಳಗಿನ ಸಣ್ಣಪುಟ್ಟ ಕೆಲಸಕ್ಕೆ ಸಾಕು. ಹೊಲ, ಕಣ, ಚಾವಣಿಯ ಕೆಲಸಕ್ಕೆ 11 ಮಿಲ್, ಅಂದ್ರೆ ಸುಮಾರು 280 ಮೈಕ್ರಾನ್‌ಗಿಂತ ಕಡಿಮೆ ಬೇಡ.

3. ಅಂಟು: ತುದಿಯನ್ನು ಎತ್ತಿ ನೋಡಿದರೆ ಅಂಟು ಬಟ್ಟೆಯನ್ನು ಪೂರ್ತಿ ಮುಚ್ಚಿರಬೇಕು. ಜಾಲರಿಯ ಕಣ್ಣು ಖಾಲಿ ಖಾಲಿ ಕಂಡರೆ ಅಂಟು ತೆಳು ಎಂದರ್ಥ. ಒರಟು ಮೇಲ್ಮೈಗೆ ಅದು ಹಿಡಿಯುವುದಿಲ್ಲ.

4. ಉದ್ದ: ಅಗಲ ಸಾಮಾನ್ಯವಾಗಿ 48 ಮಿ.ಮೀ. (2 ಇಂಚು) ಇರುತ್ತೆ. ಆದರೆ ಉದ್ದ 10 ಮೀಟರ್, 25 ಮೀಟರ್, 50 ಮೀಟರ್ ಹೀಗೆ ಬೇರೆ ಬೇರೆ. ರಟ್ಟಿನ ಉಂಗುರ ದೊಡ್ಡದಿದ್ದರೆ ರೋಲ್ ದಪ್ಪ ಕಾಣುತ್ತೆ, ಒಳಗೆ ಟೇಪ್ ಕಡಿಮೆ ಇರುತ್ತೆ. ರೋಲಿನ ಬೆಲೆ ನೋಡುವ ಬದಲು ಮೀಟರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ.

5. ಮುದ್ರಣ: ಪೊಟ್ಟಣ ಸಾಮಗ್ರಿಗಳ ಮೇಲೆ ತಯಾರಕರ ಹೆಸರು, ಪ್ರಮಾಣ, ಎಂಆರ್‌ಪಿ, ತಯಾರಾದ ತಿಂಗಳು-ವರ್ಷ ಇರಲೇಬೇಕು ಎಂದು 2011ರ ಕಾನೂನು ಮಾಪನ ನಿಯಮ ಹೇಳುತ್ತೆ. ಇದ್ಯಾವುದೂ ಇಲ್ಲದ ರೋಲ್ ಬೇಡ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಳೇ ಸ್ಟಾಕ್ ಕೂಡ ಒಂದು ಸಮಸ್ಯೆ. ವರ್ಷಗಟ್ಟಲೆ ಬಿಸಿಲು ಬೀಳುವ ಷೋಕೇಸಿನಲ್ಲಿ ನೇತು ಹಾಕಿದ ರೋಲಿನ ಅಂಟು ಬದಿಗೆ ಒಸರಿರುತ್ತೆ ಇಲ್ಲವೇ ಒಣಗಿರುತ್ತೆ. ಅಂಥದ್ದನ್ನು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.

ನಮ್ಮ ಬಿಸಿಲು, ನಮ್ಮ ಗಾಳಿ, ನಮ್ಮ ಧೂಳು

ಜೋಗಿಮಟ್ಟಿ ಸಾಲಿನಲ್ಲಿ, ಹೊಸದುರ್ಗದ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳು ನಿಂತಿರುವುದೇ ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿ. ಬಯಲುಸೀಮೆಯ ಬಿಸಿಲೂ ಕಡಿಮೆಯೇನಲ್ಲ. ಬೇಸಿಗೆ ಮಧ್ಯಾಹ್ನ ತಗಡಿನ ಶೀಟು ಕೈ ಇಡಲಾಗದಷ್ಟು ಕಾಯುತ್ತೆ. ಅಂಥ ಶೀಟಿನ ಮೇಲೆ ಸಾಮಾನ್ಯ ಡಕ್ಟ್ ಟೇಪ್ ಮೆತ್ತಗಾಗಿ ಜಾರುತ್ತೆ.

ಬಿಸಿಲಿನ ನೇರಳಾತೀತ ಕಿರಣ ಮೇಲಿನ ಪಾಲಿಥೀನ್ ಪದರವನ್ನು ಪುಡಿ ಮಾಡುತ್ತೆ. ಆಮೇಲೆ ಬರಿ ಬಟ್ಟೆ ಉಳಿದು ನೀರು ಕುಡಿಯುತ್ತೆ. ಆದ್ದರಿಂದ ಹೊರಗಿನ ಕೆಲಸಕ್ಕೆ 'ಯುವಿ ರೆಸಿಸ್ಟೆಂಟ್' ಎಂದು ಬರೆದಿರುವುದನ್ನೇ ಕೇಳಿ. ಅದು ಸಿಗದಿದ್ದರೆ ಬೂದು ಬಣ್ಣಕ್ಕಿಂತ ಕಪ್ಪು ಬಣ್ಣದ್ದು ಮೇಲು. ಡ್ರಿಪ್ ಪೈಪು ಕಪ್ಪಗಿರುವುದೂ ಇದೇ ಕಾರಣಕ್ಕೆ. ಅದರಲ್ಲಿ ಬೆರೆಸಿದ ಕಾರ್ಬನ್ ಪುಡಿ ಬಿಸಿಲಿನಿಂದ ಪ್ಲಾಸ್ಟಿಕ್ಕನ್ನು ಕಾಯುತ್ತೆ.

ಇನ್ನು ಧೂಳು. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಗಗನಯಾತ್ರಿಗಳು ಚಂದ್ರನ ಮೇಲೆ ತಮ್ಮ ಗಾಡಿಯ ಮುರಿದ ಮಡ್‌ಗಾರ್ಡಿಗೆ ಡಕ್ಟ್ ಟೇಪ್ ಸುತ್ತಿದ್ದರು. ಅದು ಸ್ವಲ್ಪ ಹೊತ್ತಿಗೇ ಕಿತ್ತುಬಂತು, ಏಕೆಂದರೆ ಮೇಲ್ಮೈ ತುಂಬಾ ಧೂಳಿತ್ತು. ಮಾರನೇ ದಿನ ನಾಲ್ಕು ನಕಾಶೆ ಹಾಳೆಗಳನ್ನು ಟೇಪಿನಿಂದ ಜೋಡಿಸಿ, ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆ ಕೆಲಸ ನಡೆಯಿತು. ಚಂದ್ರನ ಮೇಲಿರಲಿ, ಹಿರಿಯೂರಿನ ಹೊಲದಲ್ಲಿರಲಿ, ಧೂಳಿನ ಮೇಲೆ ಅಂಟಿಸಿದ ಟೇಪ್ ಹಿಡಿಯುವುದು ಧೂಳನ್ನು ಮಾತ್ರ.

ಅಂಟಿಸುವ ಕ್ರಮ

- ಮೊದಲು ಒಣಬಟ್ಟೆಯಲ್ಲಿ ಧೂಳು ಒರೆಸಿ. ಎಣ್ಣೆ, ಗ್ರೀಸ್ ಇದ್ದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಸ್ಪಿರಿಟ್ ಹಚ್ಚಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಹಚ್ಚಬೇಡಿ, ಜಿಡ್ಡು ಉಳಿಯುತ್ತೆ.
- ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಅಂಟಿಸುವುದು ಒಳ್ಳೆಯದು. ಒದ್ದೆ ಜಾಗಕ್ಕೂ ಕಾದ ಶೀಟಿಗೂ ಅಂಟು ಸರಿಯಾಗಿ ಕೂರುವುದಿಲ್ಲ.
- ತುಂಡಿನ ನಾಲ್ಕೂ ಮೂಲೆಯನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಟೇಪ್ ಏಳಲು ಶುರುವಾಗುವುದು.
- ಹರಿದ ಜಾಗಕ್ಕಿಂತ ಪ್ರತಿ ಕಡೆಗೂ ಕನಿಷ್ಠ 2 ಇಂಚು ಹೆಚ್ಚಿಗೆ ಹಿಡಿಯಬೇಕು.
- ಎಳೆದು ಬಿಗಿದು ಅಂಟಿಸಬೇಡಿ. ಎಳೆದ ಟೇಪ್ ಮತ್ತೆ ಕುಗ್ಗಲು ನೋಡುತ್ತೆ, ಅಂಚು ಬಿಡುತ್ತೆ. ಸಡಿಲವಾಗಿ ಇಟ್ಟು ನಡುವಿನಿಂದ ಹೊರಕ್ಕೆ ಒತ್ತುತ್ತಾ ಬನ್ನಿ.
- ಚಮಚದ ಬೆನ್ನಿನಿಂದ ಇಡೀ ತುಂಡನ್ನು ಗಟ್ಟಿಯಾಗಿ ಉಜ್ಜಿ. ಈ ಅಂಟಿಗೆ ಒತ್ತಡವೇ ಜೀವ.
- ಸಾಧ್ಯವಾದರೆ ಒಂದು ದಿನ ಎಳೆತ, ನೀರು ಬೀಳದಂತೆ ಬಿಡಿ. ಅಂಟು ನಿಧಾನಕ್ಕೆ ಮೇಲ್ಮೈಯ ಸಂದುಗಳಿಗೆ ಇಳಿದು ಬಲ ಹೆಚ್ಚುತ್ತೆ.
- ಇಳಿಜಾರಿಗೆ ಎರಡು ಮೂರು ಪಟ್ಟಿ ಹಾಕುವುದಿದ್ದರೆ ಹೆಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿನ ಪಟ್ಟಿ ಕೆಳಗಿನದರ ಮೇಲೆ ಕೂತರೆ ನೀರು ಸಂದಿಗೆ ಇಳಿಯುವುದಿಲ್ಲ.

ಟಾರ್ಪಾಲು ಹರಿದರೆ

ಹೊಳಲ್ಕೆರೆ, ಭೀಮಸಮುದ್ರದ ಕಡೆ ಬೇಯಿಸಿದ ಅಡಿಕೆ ಕಣದಲ್ಲಿ ಒಣಗುವಾಗ, ಚಿತ್ರದುರ್ಗ ತಾಲೂಕಿನ ಹೊಲಗಳಲ್ಲಿ ಈರುಳ್ಳಿ, ಮೆಕ್ಕೆಜೋಳ ರಾಶಿ ಬಿದ್ದಿರುವಾಗ ದಿಢೀರ್ ಮಳೆ ಬಂದರೆ ಕಾಯುವುದು ಟಾರ್ಪಾಲು ಒಂದೇ. ರೂಪಾಯಿ ಅಗಲದ ಒಂದು ತೂತು ರಾಶಿಯ ನಡುವಿಗೆ ನೀರು ಇಳಿಸಿ, ಬೂಷ್ಟು ಹಿಡಿಸಿ, ಮಾರುಕಟ್ಟೆಯಲ್ಲಿ ದರ ಬೀಳಿಸುತ್ತೆ. ಡಕ್ಟ್ ಟೇಪ್ ನಿಜವಾಗಿ ಕಾಸಿಗೆ ತಕ್ಕ ಕೆಲಸ ಮಾಡುವುದು ಇಲ್ಲೇ.

ಆದರೆ ಒಂದು ತೊಡಕಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನಕ್ಕೆ ಸಿಗುವ ಟಾರ್ಪಾಲಿನ್ ಸೇರಿದಂತೆ ಈಗಿನ ಬಹುತೇಕ ಟಾರ್ಪಾಲುಗಳು ಪಾಲಿಥೀನ್ ಜಾತಿಯವು. ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸುಲಭವಾಗಿ ಹಿಡಿಯುವುದಿಲ್ಲ. ಅದಕ್ಕೆ ಮೂರು ಉಪಾಯ ಇವೆ.

ಒಂದು, ಎರಡೂ ಕಡೆ ಅಂಟಿಸುವುದು. ತೂತಿನೊಳಗೆ ಎರಡು ಟೇಪಿನ ಅಂಟು ಒಂದಕ್ಕೊಂದು ತಾಗುತ್ತೆ, ಆಗ ಹಿಡಿತ ಹೆಚ್ಚು. ಎರಡು, ಉದ್ದಕ್ಕೆ ಸೀಳಿದ್ದರೆ ಮೊದಲು ದಬ್ಬಣ ಮತ್ತು ನೈಲಾನ್ ದಾರದಲ್ಲಿ ದೂರ ದೂರ ಹೊಲಿಗೆ ಹಾಕಿ, ಮೇಲೆ ಟೇಪ್ ಹಾಕುವುದು. ಎಳೆತವನ್ನು ಹೊಲಿಗೆ ತಡೆಯುತ್ತೆ, ನೀರನ್ನು ಟೇಪ್ ತಡೆಯುತ್ತೆ. ಮೂರು, ಟಾರ್ಪಾಲಿಗೆಂದೇ ಸಿಗುವ ರಿಪೇರಿ ಟೇಪ್ ಕೇಳುವುದು. ಪಾಲಿಹೌಸಿನ ಹಾಳೆಗೂ ಬೇರೆ ಪಾರದರ್ಶಕ ಟೇಪ್ ಇದೆ. ಅಲ್ಲಿ ಬೂದು ಟೇಪ್ ಹಾಕಿದರೆ ಬೆಳಕು ತಡೆಯುತ್ತೆ, ಬಿಸಿಲಿಗೆ ಬೇಗ ಬಿಡುತ್ತೆ.

ಮೂಲೆಯ ಕಣ್ಣು (ಹಗ್ಗ ಕಟ್ಟುವ ಉಂಗುರ) ಕಿತ್ತುಬಂದಿದ್ದರೆ ಟೇಪ್ ಸಾಲದು. ಆ ಮೂಲೆಯೊಳಗೆ ಒಂದು ಸಣ್ಣ ಕಲ್ಲು ಇಟ್ಟು ಮುದುರಿ, ಕಲ್ಲಿನ ಹಿಂದೆ ಹಗ್ಗ ಬಿಗಿದರೆ ಗಾಳಿಗೆ ಜಗ್ಗುವುದಿಲ್ಲ. ಕುರಿ ಹಟ್ಟಿಯ ಮೇಲೆ ಟಾರ್ಪಾಲು ಹೊದಿಸುವವರಿಗೂ ಇದು ಅನುಕೂಲ.

ಪೈಪು, ಟ್ಯಾಂಕು, ಶೀಟು

ವಾಣಿವಿಲಾಸ ಸಾಗರದ ನೀರು ಹರಿಯುವ ತೋಟವಿರಲಿ, ಬೋರ್‌ವೆಲ್ ನಂಬಿದ ದಾಳಿಂಬೆ, ತೆಂಗಿನ ತೋಟವಿರಲಿ, ಪೈಪು ಒಡೆಯುವುದು ಎಲ್ಲರಿಗೂ ಇದ್ದದ್ದೇ. ಇಲ್ಲಿ ಡಕ್ಟ್ ಟೇಪ್ ಮೇಲೆ ಆಸೆ ಇಡಬೇಡಿ.

ಲೆಕ್ಕ ಸುಲಭ. 10 ಮೀಟರ್ ಎತ್ತರದಿಂದ ನಿಂತ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತುತ್ತೆ. ಮೋಟಾರ್ ದೂಡುವ ನೀರಿನ ಒತ್ತಡ ಇನ್ನೂ ಹೆಚ್ಚು. ಬಿರುಕಿನಿಂದ ಬಂದ ನೀರು ಟೇಪಿನ ಅಡಿಗೆ ನುಗ್ಗಿ ಹರಡುತ್ತಾ ಹೋದಂತೆ ಒತ್ತುವ ಜಾಗವೂ ಹೆಚ್ಚುತ್ತೆ, ಟೇಪ್ ಬಲೂನಿನಂತೆ ಉಬ್ಬಿ ಬಿಡುತ್ತೆ.

ಪಿವಿಸಿ ಪೈಪು ಒಡೆದರೆ ಆ ತುಂಡು ಕತ್ತರಿಸಿ ಕಪ್ಲರ್ ಹಾಕಿ ಸಲ್ಯೂಷನ್ ಹಚ್ಚುವುದೇ ದಾರಿ. 16 ಎಂಎಂ ಡ್ರಿಪ್ ಲ್ಯಾಟರಲ್ ಅಳಿಲು ಕಚ್ಚಿ ತೂತಾಗಿದ್ದರೆ ಜಾಯಿನರ್ ಹಾಕಿ. ಅದರ ಬೆಲೆ ಟೇಪಿಗಿಂತ ಕಡಿಮೆ. ಮೋಟಾರ್ ನಿಲ್ಲಿಸಲು ಆಗದೆ ತುರ್ತಾಗಿ ಒಂದು ದಿನ ದಾಟಿಸಬೇಕಿದ್ದರೆ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಎಳೆದೆಳೆದು ಬಿಗಿಯಾಗಿ ಸುತ್ತಿ, ಮೇಲೆ ತಂತಿ ಅಥವಾ ಹೋಸ್ ಕ್ಲಿಪ್ ಹಾಕಿ. ಇಲ್ಲವೇ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತೆ, ಅದನ್ನು ಎಳೆದು ಸುತ್ತಿ.

ಓವರ್‌ಹೆಡ್ ಟ್ಯಾಂಕ್ ಸೀಳಿದ್ದರೆ ನೀರು ಖಾಲಿ ಮಾಡಿ, ಒಣಗಿಸಿ, ಹೊರಗಿನಿಂದ ಬ್ಯುಟೈಲ್ ಟೇಪ್ (ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಕಪ್ಪು ಅಥವಾ ಬೂದು ಅಂಟು) ಹಾಕಬಹುದು. ಕುಡಿಯುವ ನೀರಿನ ಟ್ಯಾಂಕಿನ ಒಳಗೆ ಯಾವ ಟೇಪೂ ಬೇಡ. ತಗಡು ಶೀಟಿನ ಮೊಳೆ ತೂತಿಗೂ ಡಕ್ಟ್ ಟೇಪಿಗಿಂತ ಬ್ಯುಟೈಲ್ ಟೇಪೇ ಬಾಳಿಕೆ ಬರುತ್ತೆ. ಹಳೇ ಸಿಮೆಂಟ್ ಶೀಟಾದರೆ ಅದರ ಮೇಲೆ ನೇರವಾಗಿ ಕಾಲಿಡಬೇಡಿ. ಒಡೆದು ಕೆಳಗೆ ಬಿದ್ದರೆ ಪ್ರಾಣಕ್ಕೇ ಕುತ್ತು. ಏಣಿ, ಅಡ್ಡ ಹಲಗೆ ಇಟ್ಟು ಮಾತ್ರ ಕೆಲಸ ಮಾಡಿ.

ಇಲ್ಲಿ ಅಂಟಿಸಲೇಬಾರದು

*ವಿದ್ಯುತ್ ವೈರ್, ಮೋಟಾರ್ ಕೇಬಲ್:* ಡಕ್ಟ್ ಟೇಪ್ ಕರೆಂಟ್ ತಡೆಯಲು ಮಾಡಿದ್ದಲ್ಲ. ಅದರೊಳಗಿನ ಬಟ್ಟೆ ನೀರು ಹೀರುತ್ತೆ. ನೋಡಲು ಅದೇ ತರ ಇರುವ ಅಲ್ಯೂಮಿನಿಯಂ ಟೇಪಂತೂ ಕರೆಂಟನ್ನು ಹರಿಸುತ್ತೆ. ವೈರಿಗೆ ಐಎಸ್‌ಐ ಗುರುತಿನ ಪಿವಿಸಿ ಇನ್ಸುಲೇಷನ್ ಟೇಪ್ ಮಾತ್ರ, ಅದೂ ಮೇನ್ ಆಫ್ ಮಾಡಿದ ಮೇಲೆ. ಬೋರ್‌ವೆಲ್ ಒಳಗೆ ಇಳಿಯುವ ಕೇಬಲ್ ಜಾಯಿಂಟನ್ನು ಮೋಟಾರ್ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಒದ್ದೆ ನೆಲ, ಬರಿಗಾಲು, ಮೂರು ಫೇಸ್ ಕರೆಂಟ್ ಒಟ್ಟಿಗೆ ಸೇರಿದರೆ ಎರಡನೇ ಅವಕಾಶ ಸಿಗುವುದಿಲ್ಲ. ಗಾಳಿಗೆ ಲೈನ್ ವೈರ್ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ, ಬೇರೆಯವರನ್ನೂ ಬಿಡದೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.

*ಗ್ಯಾಸ್ ಪೈಪು:* ಅಡುಗೆ ಅನಿಲದ ಪೈಪು ಬಿರುಕು ಬಿಟ್ಟಿದ್ದರೆ ಬದಲಿಸಬೇಕು, ಸುತ್ತಬಾರದು. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ-ಬಾಗಿಲು ತೆಗೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ.

*ಔಷಧಿ ಹೊಡೆಯುವ ಪಂಪು:* ಬೆನ್ನಿಗೆ ಹೊರುವ ಪಂಪಿನ ಪೈಪು, ಟ್ಯಾಂಕ್ ಸೋರುತ್ತಿದ್ದರೆ ಟೇಪ್ ಸುತ್ತಿ ಹೊಲಕ್ಕೆ ಇಳಿಯಬೇಡಿ. ಕೀಟನಾಶಕದಲ್ಲಿನ ದ್ರಾವಕ ಅಂಟನ್ನು ಕರಗಿಸುತ್ತೆ, ವಿಷ ನೇರ ಬೆನ್ನಿಗೆ ಇಳಿಯುತ್ತೆ. ವಾಷರ್, ಪೈಪು ಬದಲಿಸಿ.

*ಬ್ರೇಕ್, ಪೆಟ್ರೋಲ್ ಪೈಪು, ಹೆಲ್ಮೆಟ್:* ಪೆಟ್ರೋಲ್ ಅಂಟನ್ನು ಕರಗಿಸುತ್ತೆ. ಬ್ರೇಕ್ ಪೈಪಿನ ಒತ್ತಡ ಯಾವ ಟೇಪಿಗೂ ನಿಲ್ಲುವುದಿಲ್ಲ. ಬಿರುಕು ಬಿಟ್ಟ ಹೆಲ್ಮೆಟ್‌ಗೆ ಟೇಪ್ ಹಾಕಿದರೆ ನೋಡಲು ಸರಿಹೋಗಬಹುದು, ತಲೆ ಉಳಿಸುವುದಿಲ್ಲ.

*ಗಾಯ:* ಕೈ ಕೊಯ್ದುಕೊಂಡಾಗ ಈ ಟೇಪನ್ನು ನೇರವಾಗಿ ಚರ್ಮಕ್ಕೆ ಹಾಕಬೇಡಿ. ಕೀಳುವಾಗ ಚರ್ಮವೇ ಬರುತ್ತೆ, ಒಳಗೆ ಬೆವರು ನಿಂತು ಗಾಯ ಕೀವಾಗುತ್ತೆ.

ಧೈರ್ಯವಾಗಿ ಬಳಸಬಹುದಾದ ಕೆಲಸಗಳು

ಗುದ್ದಲಿ, ಹಾರೆಯ ಹಿಡಿಗೆ ಕೈ ಜಾರದಂತೆ ಸುತ್ತಲು, ಈರುಳ್ಳಿ ಬಿತ್ತನೆ ಬೀಜದ ಡಬ್ಬಿಗೆ ತೇವ ಹೋಗದಂತೆ ಮುಚ್ಚಲು, ಬೈಕಿನ ಮಡ್‌ಗಾರ್ಡ್, ಕಾರಿನ ಬಂಪರ್ ಶೋರೂಮ್ ತಲುಪುವವರೆಗೆ ಹಿಡಿದಿಡಲು, ಪ್ಲಾಸ್ಟಿಕ್ ಕುರ್ಚಿಯ ಚೂಪು ಅಂಚು ಮುಚ್ಚಲು, ಸೀಟ್ ಕವರ್ ಹರಿದಲ್ಲಿ ನೀರು ಇಳಿಯದಂತೆ ತಡೆಯಲು ಡಕ್ಟ್ ಟೇಪ್ ಹೇಳಿಮಾಡಿಸಿದ್ದು. ಆದರೆ ಕುರ್ಚಿಯ ಕಾಲೇ ಸೀಳಿದ್ದರೆ, ಹಾರೆಯ ಹಿಡಿಯೇ ಮುರಿದಿದ್ದರೆ ಟೇಪ್ ಬೇಡ, ಬದಲಿಸಿ. ಗಾಡಿಗೆ ಅಂಟಿಸುವಾಗ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಮರೆಯಾಗದಂತೆ ನೋಡಿಕೊಳ್ಳಿ.

ಯಾವುದಕ್ಕೆ ಯಾವ ಟೇಪ್? ಒಂದೇ ನೋಟದಲ್ಲಿ

- ಟಾರ್ಪಾಲು, ಹಿಡಿಕೆ, ಬಂಪರ್: 11 ಮಿಲ್ ಅಥವಾ ಹೆಚ್ಚಿನ ಡಕ್ಟ್ ಟೇಪ್
- ತಗಡು ಶೀಟು, ಟ್ಯಾಂಕಿನ ಹೊರಭಾಗ: ಬ್ಯುಟೈಲ್ ಟೇಪ್
- ವೈರ್: ಪಿವಿಸಿ ಇನ್ಸುಲೇಷನ್ ಟೇಪ್
- ನಲ್ಲಿಯ ತಿರುಪು (ಥ್ರೆಡ್): ಟೆಫ್ಲಾನ್ ಟೇಪ್
- ಸೋರುವ ಪೈಪಿಗೆ ತುರ್ತು ಪಟ್ಟಿ: ತಾನೇ ಬೆಸೆಯುವ ರಬ್ಬರ್ ಟೇಪ್
- ರಟ್ಟಿನ ಪೆಟ್ಟಿಗೆ: ಕಂದು ಬಣ್ಣದ ಪ್ಯಾಕಿಂಗ್ ಟೇಪ್

ಇಡುವುದು, ಕೀಳುವುದು

ಉಳಿದ ರೋಲನ್ನು ಪಂಪ್‌ಹೌಸಿನ ಶೀಟಿನ ಕೆಳಗೆ, ಟ್ರ್ಯಾಕ್ಟರ್ ಟೂಲ್ ಬಾಕ್ಸಿನಲ್ಲಿ ಬಿಸಿಲಿಗೆ ಬಿಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮನೆಯೊಳಗೆ ನೆರಳಿನಲ್ಲಿ ಇಡಿ. ಒಂದರ ಮೇಲೊಂದು ಮಲಗಿಸಿಟ್ಟರೆ ಬದಿಯ ಅಂಟು ಕಚ್ಚಿಕೊಳ್ಳುತ್ತೆ, ನಡುವೆ ಕಾಗದ ಹಾಕಿ.

ಹಳೇ ಟೇಪ್ ಕೀಳುವಾಗ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು ನಿಧಾನಕ್ಕೆ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಿತ್ತ ಟೇಪನ್ನು ಸುಡಬೇಡಿ, ಹೊಲದಲ್ಲೂ ಎಸೆಯಬೇಡಿ. ಮೇಯುವ ದನ-ಕುರಿಯ ಹೊಟ್ಟೆ ಸೇರುತ್ತೆ. ಒಣ ಕಸದ ಜೊತೆ ಪಂಚಾಯಿತಿ ಅಥವಾ ನಗರಸಭೆಯ ಗಾಡಿಗೆ ಹಾಕಿ.

ಕೊನೆಯದಾಗಿ, ಟೇಪ್ ಅಂಟಿಸಿದ ದಿನಾಂಕವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಅಂಚು ಎದ್ದಿದೆಯಾ ನೋಡಿ. ಡಕ್ಟ್ ಟೇಪ್ ಕೊಡುವುದು ಸಮಯವನ್ನು. ಆ ಸಮಯದಲ್ಲಿ ಹೊಸ ಪೈಪು, ಹೊಸ ಶೀಟು, ಹೊಸ ಟಾರ್ಪಾಲು ಹೊಂದಿಸಿಕೊಳ್ಳುವುದು ಮನೆಯವರ ಕೆಲಸ.